ಪಿಳ್ಳಮುನಿಯಪ್ಪನವರ ಮೀಟರು

ಇದು ನಡೆದ ಕತೆ. ಹೀಗೆಂದ ತಕ್ಷಣ ಮರ್ಫಿ ಟೌನಿನಲ್ಲಿ ನನ್ನನ್ನು ಬಲ್ಲವರು ಎದ್ದು ಹೋಗುತ್ತಾರೆ. ಸುಳ್ಳು ಹೇಳುವಾಗಲೂ ನಾನು ಹೀಗೇ ಶುರುಮಾಡುವುದು. ಆದರೆ ಈ ಸಲ ಸಾಕ್ಷಿಗಳಿದ್ದಾರೆ. ಅವರಲ್ಲೊಬ್ಬರು ತೀರಿಕೊಂಡು ಹದಿನೇಳು ವರ್ಷವಾಯಿತು ಅನ್ನೋದು ಬಿಟ್ಟರೆ ಉಳಿದವರನ್ನು ಯಾವಾಗ ಬೇಕಾದರೂ ಕೇಳಿ ನೋಡಬಹುದು.

ನನ್ನ ಹೆಸರು ದೀಪು. ಕಮ್ಮನಹಳ್ಳಿಯ ಒಂದು ಇಂಗ್ಲಿಷ್ ಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ಹೊಟ್ಟೆಪಾಡಿಗೆ ವ್ಯಾಕರಣ, ಸಂತೋಷಕ್ಕೆ ಮಿಮಿಕ್ರಿ. ಕುಕ್ಕರಿನ ಮೂರನೇ ಕೂಗು, ತಳ್ಳುಗಾಡಿಯ ಸ್ಪೀಕರಿನ ಟೊಮ್ಯಾಟೊ, ಬಾಗಿಲು ಎಡಕ್ಕೆ ತೆರೆಯುತ್ತದೆ ಎನ್ನುವ ಮೆಟ್ರೊ ಹೆಂಗಸು, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದಾರೆ. ಒಂದು ಸಲ ಪ್ರಿನ್ಸಿಪಾಲರ ದನಿಯಲ್ಲಿ ಆಫೀಸಿಗೆ ಫೋನು ಮಾಡಿ ನನಗೆ ನಾನೇ ಅರ್ಧ ದಿನ ರಜೆ ಕೊಟ್ಟುಕೊಂಡಿದ್ದೆ. ಮುಂದಿನ ಮೂರು ದಿನದ ರಜೆಯನ್ನು ಅವರು ಸ್ವಂತ ದನಿಯಲ್ಲೇ ದಯಪಾಲಿಸಿದರು.

ನಮ್ಮ ಪಕ್ಕದ ಮನೆ ಅಂಜನಮೂರ್ತಿ ಅಂಕಲ್ ಅವರದು. ಮೇಲೆ ಅವರು ಮತ್ತು ಹೆಂಡತಿ ಮಂಜುಳಮ್ಮ, ಕೆಳಗೆ ರೈಲಿನ ಬೋಗಿಯಂತೆ ಸಾಲಾಗಿ ನಾಲ್ಕು ಬಾಡಿಗೆ ರೂಮು. ಅಂಕಲ್ ಸರ್ಕಾರಿ ಕಚೇರಿಯೊಂದರಲ್ಲಿ ಸೂಪರಿಂಟೆಂಡೆಂಟ್ ಆಗಿ ನಿವೃತ್ತರಾದವರು. ಮೂವತ್ನಾಲ್ಕು ವರ್ಷದ ಸರ್ವೀಸಿನಲ್ಲಿ ಯಾವ ಫೈಲಿಗೂ ಹೌದು ಎಂದವರಲ್ಲ, ಇಲ್ಲ ಎಂದವರೂ ಅಲ್ಲ. 'ಚರ್ಚಿಸಿ' ಎಂದು ಬರೆದು ಪಕ್ಕದ ಟೇಬಲ್ಲಿಗೆ ತಳ್ಳುತ್ತಿದ್ದರಂತೆ. ಆ ಚಟ ಪೆನ್ಷನ್ ಜೊತೆ ಮನೆಗೂ ಬಂದಿದೆ. ಮಂಜುಳಮ್ಮ ಹೆಸರುಬೇಳೆ, ಕೊಬ್ಬರಿ ಎಂದು ಅಂಗಡಿ ಚೀಟಿ ಬರೆದು ಕೊಟ್ಟರೆ ಕೊಬ್ಬರಿಯ ಮುಂದೆ 'ಹಿಂದಿನ ಬಳಕೆ ಪರಿಶೀಲಿಸಿ' ಎಂಬ ಟಿಪ್ಪಣಿಯೊಡನೆ ಚೀಟಿ ಅಡುಗೆಮನೆಗೆ ವಾಪಸಾಗುತ್ತದೆ.

ಇಂಥವರ ಮುಂದೆ ಹೋಗಿ ಒಂದು ಒಪ್ಪಿಗೆ ಕೇಳಿದವಳು ಉಮಾಶ್ರೀ.

ಉಮಾಶ್ರೀ ಕೆಳಗಿನ ಮೂರನೇ ರೂಮಿನವಳು, ಯಾದಗಿರಿ ಕಡೆಯವಳು. ಗಂಡ ಈರೇಶ ಕಟ್ಟಡಗಳಲ್ಲಿ ಸೆಂಟ್ರಿಂಗ್ ಕೆಲಸ ಮಾಡುತ್ತಾನೆ. ಇವಳು ಇಂದಿರಾನಗರದಲ್ಲಿ ನಾಲ್ಕು ಮನೆಯ ಪಾತ್ರೆ ತೊಳೆಯುತ್ತ, ಹೋಗಿ ಬರಲು ಷೇರ್ ಆಟೊದಲ್ಲಿ ಐವರ ನಡುವೆ ಆರನೆಯವಳಾಗಿ ಕೂರುತ್ತ ಇದ್ದಳು. ಒಂದು ದಿನ ಡ್ರೈವರನ ಸೀಟು ನೋಡಿ ಅದೊಂದೇ ಆರಾಮಾಗಿದೆ ಅನ್ನಿಸಿತಂತೆ. ಹೆಂಗಸರಿಗೆ ಆಟೊ ಕಲಿಸುವ ಒಂದು ಸಂಸ್ಥೆ ಸೇರಿ, ಆರು ತಿಂಗಳು ಭಾನುವಾರ ಬಿಡದೆ ಕಲಿತು, ಲೈಸೆನ್ಸ್ ತೆಗೆದುಕೊಂಡಳು. ಈಗ ಆ ಸಂಸ್ಥೆಯ ಪಟ್ಟಿಯಲ್ಲಿ ಅವಳ ಹೆಸರಿಗೆ ಕರೆಂಟಿನ ಆಟೊ ಒಂದು ಬಂದಿತ್ತು.

"ಷೋರೂಮ್‌ನಾಗ ನಿಂತೈತ್ರಿ ಸರ" ಎಂದಳು ನನಗೆ. "ನಿನ್ನೆ ಹೋಗಿ ಮುಟ್ಟಿ ಬಂದೀನಿ. ಕುಂತೂ ನೋಡೀನಿ. ಆದ್ರ ಕೀಲಿ ಕೊಡವಲ್ಲರು."

ಕೀಲಿಗೆ ಒಂದು ಷರತ್ತಿತ್ತು. ಆಟೊ ಇರುವ ಮನೆಯಲ್ಲೇ ಚಾರ್ಜಿಂಗ್ ಪಾಯಿಂಟು ಇರಬೇಕು. ಓನರ್ ಒಪ್ಪಿಗೆ ಪತ್ರ, ಮತ್ತು ಹೆಚ್ಚಿನ ಲೋಡಿಗಾಗಿ ಕರೆಂಟ್ ಆಫೀಸಿನಲ್ಲಿ ಅರ್ಜಿ ಕೊಟ್ಟ ರಸೀದಿ, ಎರಡನ್ನೂ ಬರುವ ಶುಕ್ರವಾರದೊಳಗೆ ತೋರಿಸಬೇಕು. ಇಲ್ಲದಿದ್ದರೆ ಆಟೊ ಪಟ್ಟಿಯಲ್ಲಿ ಮುಂದಿನವಳಿಗೆ.

"ಮುಂದಿನಾಕಿ ವಾಜಿದಾ ಅಂತರಿ. ದಿನಾ ಫೋನ್ ಮಾಡ್ತಾಳ. ಅಕ್ಕಾ, ನಿಮ್ಮ ಓನರ್ ಒಪ್ಪಿದ್ರಾ ಅಂತ. ಇಲ್ಲವಾ ಅಂದ್ರ ಪಾಪ ಅಂತಾಳ. ಬಾಯಿ ಪಾಪ ಅಂತೈತಿ, ದನಿ ನಗತೈತಿ."

ಅಂಕಲ್ ಹತ್ತಿರ ಹೋಗುವಾಗ ನನ್ನನ್ನೂ ಕರೆದುಕೊಂಡು ಹೋದಳು. ಓದಿದವನು ಜೊತೆಗಿದ್ದರೆ ಕೆಲಸ ಸಲೀಸು ಎಂಬ ತಪ್ಪು ತಿಳಿವಳಿಕೆ ಇನ್ನೂ ಕೆಲವರಲ್ಲಿ ಉಳಿದಿದೆ.

"ಬ್ಯಾಟ್ರಿ ಢಂ ಅಂದ್ರೆ ಯಾರು ಜವಾಬ್ದಾರಿ?" ಎಂದರು ಅಂಕಲ್.

"ಢಂ ಅನ್ನಂಗಿಲ್ರಿ ಸಾಹೇಬ್ರ. ಕಂಪನಿಯವರು ಹೇಳ್ಯಾರ."

"ಅವರು ಹೇಳ್ತಾರಮ್ಮ. ಬಾಯಿಮಾತಲ್ಲಿ ಹೇಳಿದಾರೋ, ಬರವಣಿಗೆಯಲ್ಲೋ?"

ಮರುದಿನ ಅವಳು ಬರವಣಿಗೆಯಲ್ಲಿ ತಂದಳು. ಅಷ್ಟರಲ್ಲಿ ತಕರಾರು ಬೆಂಕಿಯಿಂದ ವಾಸ್ತುವಿಗೆ ವರ್ಗವಾಗಿತ್ತು. ಕರೆಂಟು ಅಂದರೆ ಅಗ್ನಿ, ಅಗ್ನಿ ಆಗ್ನೇಯದಲ್ಲಿರಬೇಕು. ಆಗ್ನೇಯದಲ್ಲಿ ನೀರಿನ ಸಂಪ್ ಇದೆ.

"ಹಂಗಾದ್ರೆ ಆಗ್ನೇಯದಲ್ಲಿ ಸಂಪ್ ಯಾಕೆ ಕಟ್ಟಿದ್ರಿ ಅಂಕಲ್?" ಎಂದೆ.

"ಆವಾಗ ವಾಸ್ತು ಇಷ್ಟು ಸ್ಟ್ರಿಕ್ಟ್ ಆಗಿರಲಿಲ್ಲಪ್ಪ."

ಮೂರನೇ ದಿನ ತೆಂಗಿನಮರ ಎದ್ದು ನಿಂತಿತು. ಚಾರ್ಜರಿನ ತರಂಗಕ್ಕೆ ಎಳನೀರು ಕೆಡುತ್ತದೆ ಎಂದು ಯಾರೋ ಫೋನಿನಲ್ಲಿ ಕಳಿಸಿದ್ದರು. ನಾಲ್ಕನೇ ದಿನ ಶನಿವಾರ, ಉಮಾಶ್ರೀ ಬೇಸತ್ತು ಶಿವಾಜಿನಗರದಿಂದ ಎಲೆಕ್ಟ್ರಿಷಿಯನ್ ಅಕ್ತರ್ ಭಾಯ್‌ನನ್ನು ಕರೆತಂದಳು. ಅಂಕಲ್ ಬೇಡ ಎನ್ನುವುದರೊಳಗೆ ಅಕ್ತರ್ ಮೀಟರ್ ಬೋರ್ಡಿನ ಬಾಗಿಲು ತೆಗೆದಾಗಿತ್ತು.

"ಏನೂ ದೊಡ್ ವಿಷ್ಯ ಇಲ್ಲ ಸಾರ್. ಒಂದು ಬೇರೆ ಲೈನ್, ಗಟ್ಟಿ ಪಾಯಿಂಟು, ಇಲ್ಲೊಂದು ಗುಂಡಿ ತೆಗ್ದು ಅರ್ತಿಂಗ್. ಅರ್ಧ ದಿನ ಕೆಲ್ಸ. ಅರ್ಜಿ ನಾನೇ ತುಂಬಿಸ್ಕೊಂಡು ಬಂದಿದೀನಿ. ಮೀಟರ್ ಯಾರ ಹೆಸ್ರಲ್ಲಿದೆ, ಅವರದೊಂದು ಸೈನ್ ಆದ್ರೆ ಆಯ್ತು." ಬೋರ್ಡಿಗೆ ಸಿಕ್ಕಿಸಿದ್ದ ಬಿಲ್ಲು ಎಳೆದು ಕನ್ನಡಕ ಏರಿಸಿದ. "ಪಿಳ್ಳಮುನಿಯಪ್ಪ. ಎಲ್ಲಿದಾರೆ ಸಾರ್, ಕರೀರಿ."

ಅಂಕಲ್ ತೆಂಗಿನಮರದ ತುದಿ ನೋಡಿದರು. "ಅವರು ಊರಲ್ಲಿಲ್ಲ."

"ಯಾವಾಗ ಬರ್ತಾರೆ?"

ಮೇಲಿನ ಅಡುಗೆಮನೆ ಕಿಟಕಿಯಿಂದ ಮಂಜುಳಮ್ಮ ಹೇಳಿದರು: "ನಾಳೆ. ಅಮಾವಾಸ್ಯೆ."

ಅಕ್ತರ್ ಪಾಪ ನಾಳೆ ಎಷ್ಟು ಹೊತ್ತಿಗೆ ಎಂದೂ ಕೇಳಿದ. ಪಿಳ್ಳಮುನಿಯಪ್ಪ ಎಂದರೆ ಅಂಕಲ್ ಅವರ ತಂದೆ, ನಾನು ಹೈಸ್ಕೂಲಿಗೆ ಸೇರಿದ ವರ್ಷವೇ ತೀರಿಕೊಂಡವರು ಎಂದು ನಾನು ಬಿಡಿಸಿ ಹೇಳಿದಾಗ ಬಿಲ್ಲನ್ನು ಎರಡು ಕೈಯಲ್ಲಿ ಹಿಡಿದು ಭಕ್ತಿಯಿಂದ ಸಿಕ್ಕಿಸಿದ್ದಲ್ಲಿಗೇ ಸಿಕ್ಕಿಸಿದ.

"ಮಾಫ್ ಮಾಡಿ ಸಾರ್. ಆದ್ರೂ ಕಷ್ಟ ಇಲ್ಲ. ಡೆತ್ ಸರ್ಟಿಫಿಕೇಟ್ ಕೊಟ್ಟು, ವಾರಸುದಾರರೆಲ್ಲ ಒಪ್ಪಿಗೆ ಇದೆ ಅಂತ ಒಂದು ಕಾಗದಕ್ಕೆ ಸೈನ್ ಹಾಕಿದ್ರೆ ಮೀಟರ್ ನಿಮ್ಮ ಹೆಸ್ರಿಗೇ ಆಗುತ್ತೆ. ಎರಡೂ ಅರ್ಜಿ ಒಟ್ಟಿಗೇ ಕೊಡ್ಬೋದು. ಆ ಒಪ್ಪಿಗೆ ಕಾಗದಾನೂ ನನ್ನ ಬ್ಯಾಗಲ್ಲೇ ಇದೆ, ತಗೊಳ್ಳಿ."

"ಚರ್ಚಿಸೋಣ" ಎಂದು ಅಂಕಲ್ ಅಕ್ತರ್ ಕೈಯಿಂದ ಕಾಗದಗಳನ್ನು ತೆಗೆದುಕೊಂಡು ಮೆಟ್ಟಿಲು ಹತ್ತಿಬಿಟ್ಟರು.

ಬೆಂಕಿಯೂ ಅಲ್ಲ, ವಾಸ್ತುವೂ ಅಲ್ಲ, ಎಳನೀರೂ ಅಲ್ಲ. ನಿಜ ಏನು ಎಂದು ಸಂಜೆ ಮಂಜುಳಮ್ಮ ನನಗೆ ಕಾಂಪೌಂಡಿನ ಮೇಲಿಂದ ಹೇಳಿದರು.

"ವಾರಸುದಾರರು ಇಬ್ಬರೇ ಕಣೋ. ಇವರು, ಇವರಕ್ಕ. ಕೆ.ಆರ್. ಪುರದ ಯಶೋದಮ್ಮ. ಅಕ್ಕನ ಮುಂದೆ ಕಾಗದ ಹಿಡಿದ್ರೆ ಅಕ್ಕ ಮನೇಲಿ ಭಾಗ ಕೇಳ್ತಾರೆ ಅಂತ ಇವರಿಗೆ ಭಯ. ಹದಿನೇಳು ವರ್ಷದಿಂದ ಬಾಯೇ ಬಿಟ್ಟಿಲ್ಲ. ಅದಕ್ಕೇ ಬಿಲ್ಲಿನ ಪ್ರಕಾರ ನಮ್ಮಾವ ಇನ್ನೂ ಫ್ಯಾನ್ ಹಾಕ್ಕೊಂಡು ಮಲಗ್ತಿದಾರೆ."

"ಯಶೋದಮ್ಮ ಕೇಳಿದಾರಾ ಭಾಗ?"

"ಯಾವತ್ತೂ ಇಲ್ಲ. ವರ್ಷಾ ಎಡೆಗೆ ಬರ್ತಾರೆ, ಊಟ ಮಾಡ್ತಾರೆ, ಹೋಗ್ತಾರೆ. ನಾಳೇನೂ ಬರ್ತಾರೆ."

ನನ್ನ ಗಂಟಲು ಆಗಲೇ ತುರಿಸತೊಡಗಿತು.

ಗೊತ್ತಿಲ್ಲದವರಿಗೆ ಹೇಳಬೇಕು. ಮಹಾಲಯ ಅಮಾವಾಸ್ಯೆ ದಿನ ಇವರ ಮನೆಯಲ್ಲಿ ಹಿರಿಯರಿಗೆ ಎಡೆ ಇಡುತ್ತಾರೆ. ಫೋಟೊ ಮುಂದೆ ಹೊಸ ಪಂಚೆ, ಬಾಳೆಲೆ, ಅದರ ಮೇಲೆ ಸತ್ತವರಿಗೆ ಇಷ್ಟವಾದದ್ದೆಲ್ಲ ಬಡಿಸಿ, ಧೂಪ ಹಾಕಿ, ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚುತ್ತಾರೆ. ಹಿರಿಯರು ಬಂದು ಉಂಡು ಹೋಗಲಿ ಅಂತ. ಸ್ವಲ್ಪ ಹೊತ್ತು ಬಿಟ್ಟು ಬಾಗಿಲು ತಟ್ಟಿಯೇ ಒಳಗೆ ಹೋಗಬೇಕು. ಪಿಳ್ಳಮುನಿಯಪ್ಪ ತಾತ ಹಲಸೂರು ಕಡೆಯ ಮಿಲಿಟರಿ ಬಂಗಲೆಯೊಂದರಲ್ಲಿ ತೋಟದ ಮಾಲಿಯಾಗಿದ್ದವರು. ನಾನು ಮಿಮಿಕ್ರಿಯ ಓಂಕಾರ ಬರೆದದ್ದೇ ಅವರ ಕೆಮ್ಮಿನ ಮೇಲೆ. ಮೊದಲು ಸ್ಟಾರ್ಟ್ ಆಗದ ಸ್ಕೂಟರು, ಆಮೇಲೆ ಸ್ಟಾರ್ಟ್ ಆದ ಸ್ಕೂಟರು, ಕೊನೆಗೆ 'ಮುರುಗಾ' ಎಂಬ ನಿಟ್ಟುಸಿರು. ಮಾತೂ ಹಾಗೇ, ಕನ್ನಡದಲ್ಲಿ ಹೊರಟು, ತಮಿಳಿನಲ್ಲಿ ತಿರುಗಿ, ಕರ್ನಲ್ ಸಾಹೇಬರ ಇಂಗ್ಲಿಷಿನಲ್ಲಿ ಬ್ರೇಕು.

ತಾತನೇ ಬಂದು ಅಕ್ಕತಮ್ಮಂದಿರಿಬ್ಬರಿಗೂ ಸೈನ್ ಹಾಕಿ ಎಂದರೆ?

"ಬ್ಯಾಡ್ರಿ ಸರ" ಎಂದಳು ಉಮಾಶ್ರೀ. "ಸತ್ತವರ ಸುದ್ದಿ ಬ್ಯಾಡ. ಸಾಹೇಬ್ರಿಗೆ ಗೊತ್ತಾದ್ರ ಆಟೊ ಅಷ್ಟ ಅಲ್ಲ, ರೂಮೂ ಹೋಗತೈತಿ."

"ಗೊತ್ತಾಗಲ್ಲಮ್ಮ."

"ನೀವು ಸಾಲಿ ಮಾಸ್ತರ ಅದೀರಿ. ನಿಮಗ ಎಲ್ಲಾ ಆಟಾನ."

ಅವಳು ಹೇಳಿದ್ದು ಸರಿ. ಆದರೆ ಒಳ್ಳೆಯ ದನಿ ಗಂಟಲಿಗೆ ಬಂದ ಮೇಲೆ ಬುದ್ಧಿಮಾತು ಕಿವಿಗೆ ಬರುವುದಿಲ್ಲ.

ಭಾನುವಾರ ಮಧ್ಯಾಹ್ನ ಬಾಳೆಲೆ ತಂದುಕೊಡುವ ನೆಪದಲ್ಲಿ ಅವರ ಹಾಲಿಗೆ ಹೋದೆ. ಯಶೋದಮ್ಮ ಬಂದಿದ್ದರು. ಎಪ್ಪತ್ತರ ಹತ್ತಿರ, ದಪ್ಪ ಕನ್ನಡಕ, ಮಾತಿಗೆ ಮುಂಚೆ ಒಂದು 'ಹ್ಞೂಂ'. ಎಲೆಯ ಮೇಲೆ ಮುದ್ದೆ, ಮಟನ್ ಸಾರು, ಲಿವರ್ ಫ್ರೈ, ವಡೆ, ಕಜ್ಜಾಯ. ಪಕ್ಕದಲ್ಲಿ ಒಂದು ಕ್ವಾರ್ಟರ್ ಬ್ರಾಂದಿ, ಬೀಡಿ ಕಟ್ಟು, ತಾತನ ಹಳೇ ಕನ್ನಡಕ. ಧೂಪದ ಹೊಗೆಯಲ್ಲಿ ಯಾರಿಗೆ ಯಾರೂ ಕಾಣುತ್ತಿರಲಿಲ್ಲ. ಎಲ್ಲರೂ ಕಣ್ಣೊರೆಸಿಕೊಂಡು ಹೊರಗೆ ಹೋದರು, ನಾನು ಬೀರುವಿನ ಹಿಂದೆ ಹೋದೆ. ಬಾಗಿಲು ಮುಚ್ಚಿತು.

ಎರಡು ನಿಮಿಷ ಬಿಟ್ಟು ಬಾಗಿಲ ಹತ್ತಿರ ಬಂದು ಕೆಮ್ಮಿದೆ. ಪೂರ್ತಿ ಕೆಮ್ಮು, ಮುರುಗನವರೆಗೆ.

ಹೊರಗೆ ಪಿಸುಮಾತು ಕತ್ತರಿಸಿದಂತೆ ನಿಂತಿತು. ಯಾರದೋ ಕೈಯಿಂದ ಚೊಂಬು ಬಿತ್ತು.

"ಮಂಜುಳಾ" ಎಂದೆ. "ಸಾರಿಗೆ ಉಪ್ಪು ಕಮ್ಮಿ ಮಾ."

"ಎಡೆಗೆ ಮುಂಚೆ ರುಚಿ ನೋಡಂಗಿಲ್ವಲ್ಲ ಮಾವ" ಎಂದರು ಮಂಜುಳಮ್ಮ. ದನಿಯಲ್ಲಿ ಭಯ ಕಮ್ಮಿ, ಸಮಜಾಯಿಷಿ ಜಾಸ್ತಿ.

"ಪರ್ವಾಗಿಲ್ಲ, ನೆಕ್ಸ್ಟ್ ಟೈಮ್. ಎಲ್ಲೋ ಅಂಜನಾ?"

"ಇಲ್ಲೇ ಇದೀನಿ ಅಪ್ಪಾ."

ಆ 'ಅಪ್ಪಾ' ಅರವತ್ತೈದರ ಗಂಡಸಿನದಾಗಿರಲಿಲ್ಲ. ಕ್ಷಣಕಾಲ ನನಗೇ ಅಲ್ಲಿಂದ ಓಡಿಹೋಗಬೇಕು ಅನ್ನಿಸಿತು. ಆದರೆ ಬಾಗಿಲು ಒಂದೇ, ಅದರಾಚೆ ಅವರಿದ್ದರು.

"ಕೆಳಗಡೆ ಆ ಹೆಣ್ಣುಮಗು ಆಟೊ ತರ್ತಾಳಂತೆ. ಪಾಯಿಂಟು ಕೊಡೋ, ಬ್ಲಡಿ ಫೂಲ್."

"ಕೊಡ್ತೀನಪ್ಪಾ."

"ಮೀಟರೂ ನಿನ್ನ ಹೆಸರಿಗೆ ಮಾಡ್ಕೋ. ತಿಂಗಳಾ ತಿಂಗಳಾ ಬಿಲ್ಲು ನನ್ನ ಹೆಸರಿಗೆ ಬರ್ತಿದೆ, ಇಲ್ಲಿ ಎಲ್ಲರ ಮುಂದೆ ಮರ್ಯಾದೆ ಹೋಗ್ತಿದೆ. ನಿಮ್ಮಕ್ಕ ಪಕ್ಕದಲ್ಲೇ ಇದಾಳೆ. ಇಬ್ಬರೂ ಸೈನ್ ಹಾಕಿ. ಕ್ವಿಕ್ ಮಾರ್ಚ್."

ಕೆಲಸ ಮುಗಿಯಿತು ಎಂದು ಒಂದು ವಡೆ ಎತ್ತಿ ಬಾಯಿಗಿಟ್ಟುಕೊಂಡೆ. ಆಗ ಬಾಗಿಲಿನ ಕೆಳಗೆ ಸರಸರ ಸದ್ದಾಯಿತು. ಸಂದಿಯಿಂದ ಒಂದು ಕಾಗದ ಒಳಗೆ ಬಂತು. ಅಕ್ತರ್ ತುಂಬಿಸಿದ್ದ ಲೋಡಿನ ಅರ್ಜಿ.

"ಅಪ್ಪಾ" ಎಂದರು ಅಂಕಲ್, ನೆಲಕ್ಕೆ ಬಾಯಿಟ್ಟು. "ಅಕ್ಕನಿಗೆ ಯಾಕೆ ತೊಂದ್ರೆ ಕೊಡೋದು. ಮೀಟರ್ ಹೆಂಗೂ ನಿನ್ನ ಹೆಸರಲ್ಲೇ ಇದೆ, ಹೆಂಗೂ ನೀನೇ ಬಂದಿದೀಯ. ಇದೊಂದಕ್ಕೆ ಸೈನ್ ಹಾಕ್ಬಿಡು. ಪೆನ್ಸಿಲಲ್ಲಿ ಕ್ರಾಸ್ ಮಾರ್ಕ್ ಇದೆ ನೋಡು, ಅಲ್ಲಿ."

ಸತ್ತ ತಂದೆ ಹದಿನೇಳು ವರ್ಷದ ಮೇಲೆ ಬಾಗಿಲಾಚೆ ಬಂದು ನಿಂತಿದ್ದಾರೆ; ಮಗ ಹೇಗಿದ್ದೀಯಪ್ಪ ಎನ್ನಲಿಲ್ಲ, ಅರ್ಜಿ ಮಂಡಿಸಿದ.

"ಕಣ್ಣು ಕಾಣಲ್ಲೋ" ಎಂದು ನೋಡಿದೆ.

"ಕನ್ನಡಕ ಇಟ್ಟಿದೀನಲ್ಲಪ್ಪ, ಬೀಡಿ ಪಕ್ಕ."

"ಪೆನ್ನಿಲ್ಲ."

ಪೆನ್ನು ಉರುಳಿಕೊಂಡು ಬಂತು. "ಬ್ಲ್ಯಾಕ್ ಇಂಕೇ ಅಪ್ಪಾ" ಎಂಬ ಭರವಸೆಯೂ ಬಂತು.

ಹಾಕದಿದ್ದರೆ ಬಾಗಿಲು ತೆಗೆದುಬಿಡುತ್ತಾರೆ ಎಂಬುದೊಂದೇ ತಲೆಯಲ್ಲಿತ್ತು. ವಡೆಯ ಎಣ್ಣೆ ಕೈಯಲ್ಲೇ ಮೊಣಕಾಲಿನ ಮೇಲೆ ಕಾಗದವಿಟ್ಟು ಹಾಕಿದೆ. ಕ್ಲಾಸಿನಲ್ಲಿ ನಲವತ್ತು ನೋಟ್‌ಬುಕ್ಕಿಗೆ ಹಾಕುವ ಕೈ ತಾನಾಗಿ ಓಡಿತು. ಇಂಗ್ಲಿಷಿನಲ್ಲಿ ಪಿ. ಮುನಿಯಪ್ಪ ಎಂದು ಬಳುಕಿಸಿ, ಕೆಳಗೊಂದು ಗೆರೆ ಎಳೆದು, ಗೆರೆಗೆ ಎರಡು ಚುಕ್ಕಿ ಇಟ್ಟು, ಅಭ್ಯಾಸಬಲದಿಂದ ಅವತ್ತಿನ ತಾರೀಖನ್ನೂ ಬರೆದು, ಸಂದಿಯಿಂದ ಹೊರಗೆ ತಳ್ಳಿದೆ.

ಆಚೆ ಕಾಗದ ಕೈ ಬದಲಾಯಿಸಿದ ಸದ್ದು. ಒಂದು 'ಹ್ಞೂಂ'.

"ಅಂಜನಾ" ಎಂದರು ಯಶೋದಮ್ಮ. "ನಮ್ಮಪ್ಪಂದು ಹೆಬ್ಬೆಟ್ಟಲ್ವೇನೋ."

ಬಾಗಿಲು ತೆರೆಯಿತು, ತಟ್ಟದೆಯೇ. ಧೂಪದ ಹೊಗೆ ಹೊರಗೆ ಹೋಯಿತು, ನಾನು ಒಳಗೆ ಉಳಿದೆ, ಕೈಯಲ್ಲಿ ಅರ್ಧ ವಡೆ ಹಿಡಿದುಕೊಂಡು. ಮಂಜುಳಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅಂಕಲ್ ಮುಖದಲ್ಲಿ ರಕ್ತವಿರಲಿಲ್ಲ. ಅಕ್ಕನ ಕೈಯಿಂದ ಅರ್ಜಿ ಕಿತ್ತು ಎರಡೂ ಕೈಯಲ್ಲಿ ಹಿಡಿದರು. ಇನ್ನೇನು ಅದನ್ನು ಎರಡು ತುಂಡು ಮಾಡುತ್ತಾರೆ ಅನ್ನಿಸಿತು.

ಚೊಂಬಿನ ಸದ್ದಿಗೇ ಓಡಿಬಂದು ಮೆಟ್ಟಿಲ ಮೇಲೆ ನಿಂತಿದ್ದ ಉಮಾಶ್ರೀ ಮುಂದೆ ಬಂದಳು.

"ಮಾಸ್ತರಗ ಏನೂ ಅನಬ್ಯಾಡ್ರಿ ಸಾಹೇಬ್ರ. ನನ್ನ ಸಲುವಾಗಿ ಮಾಡ್ಯಾರ. ಆ ಆಟೊ ವಾಜಿದಾಗ ಹೋಗ್ಲಿ. ನಾ ಪಾತ್ರಿ ತೊಳಕೊಂಡಿರ್ತೀನಿ. ರೂಮ್ ಒಂದು ಬಿಡಸಬ್ಯಾಡ್ರಿ."

ಯಶೋದಮ್ಮ ತಮ್ಮನ ಕಡೆ ತಿರುಗಿದರು.

"ನಾನು ಪಕ್ಕದಲ್ಲಿ ನಿಂತಿದೀನಿ, ಜೀವಂತ. ನನ್ನನ್ನ ಒಂದು ಸೈನ್ ಕೇಳಕ್ಕೆ ಆಗ್ದೆ ಸತ್ತೋರನ್ನ ಕೇಳಿದ್ಯಲ್ಲೋ."

"ಅದಲ್ಲಕ್ಕ." ಅಂಕಲ್ ಪಂಚೆಯ ಅಂಚು ನೋಡುತ್ತಿದ್ದರು. "ಕಾಗದ ಅಂದ್ರೆ ನೀನು... ಭಾಗ ಗೀಗ..."

"ಭಾಗ ಬೇಕಿದ್ರೆ ನಾನು ಮೀಟರ್ ಬೋರ್ಡಿಂದ ಶುರುಮಾಡ್ತಿದ್ನೇನೋ? ಈ ಮನೇಲಿ ಮಳೆ ಬಂದ್ರೆ ಯಾವ ಯಾವ ಮೂಲೆ ಸೋರುತ್ತೆ ಅಂತ ನನಗೆ ಗೊತ್ತಿಲ್ವಾ. ಇದರಲ್ಲಿ ಭಾಗ ತಗೊಂಡು ಬಕೆಟ್ ಇಡ್ಲಾ?" ಕೈ ಚಾಚಿದರು. "ನಮ್ಮನೇಲೂ ಬಿಲ್ಲು ನಮ್ಮಾವನ ಹೆಸರಿಗೇ ಬರೋದು. ಅವರು ಹೋಗಿ ಇಪ್ಪತ್ತೆರಡು ವರ್ಷ ಆಯ್ತು, ಇನ್ನೂ ಗೀಸರ್ ಹಾಕ್ಕೊತಾರೆ. ಎಲ್ಲಿ, ಆ ಒಪ್ಪಿಗೆ ಕಾಗದ ಕೊಡು. ಪೆನ್ನು ಆ ಪಿಶಾಚಿ ಹತ್ರ ಇರ್ಬೇಕು."

ಪಿಶಾಚಿ ಪೆನ್ನು ಕೊಟ್ಟಿತು. ಯಶೋದಮ್ಮ ಗೋಡೆಗೆ ಕಾಗದವಿಟ್ಟು, ನಿಧಾನವಾಗಿ, ಕೂಡಿಸಿ ಕೂಡಿಸಿ ತಮ್ಮ ಹೆಸರು ಬರೆದರು. ತಮ್ಮನ ಕಡೆ ತಿರುಗಿಸಿದರು. ಅಂಕಲ್ ತುಂಬ ಹೊತ್ತು ಆ ಹೆಸರನ್ನೇ ನೋಡಿದರು. ಆಮೇಲೆ ಅದರ ಕೆಳಗೆ ತಮ್ಮದನ್ನೂ ಹಾಕಿದರು. ಉಮಾಶ್ರೀ ಮೊದಲ ದಿನವೇ ಕೊಟ್ಟಿದ್ದ ಓನರ್ ಒಪ್ಪಿಗೆ ಪತ್ರವನ್ನು ಮಂಜುಳಮ್ಮ ಅದಾಗಲೇ ಒಳಗಿಂದ ತಂದು ಹಿಡಿದಿದ್ದರು. ಅದಕ್ಕೂ ಒಂದು ಬಿತ್ತು.

"ನಾಳೆ ಬೆಳಿಗ್ಗೆ ನಾನೇ ಹೋಗಿ ಅರ್ಜಿ ಕೊಟ್ಟು ರಸೀದಿ ತರ್ತೀನಮ್ಮ" ಎಂದರು ಉಮಾಶ್ರೀಗೆ. ಅವಳು ಕೆಳಗೆ ಬಿದ್ದಿದ್ದ ಚೊಂಬು ಎತ್ತಿ ಒರೆಸತೊಡಗಿದಳು.

ನಾನು ಮೆಲ್ಲಗೆ ಮೆಟ್ಟಿಲ ಕಡೆ ಸರಿದೆ.

"ನಿಂತ್ಕೊಳಯ್ಯ ಮೇಷ್ಟ್ರೇ."

ಅಂಕಲ್ ನನ್ನ ರುಜುವಿದ್ದ ಅರ್ಜಿಯನ್ನು ಕಣ್ಣ ಹತ್ತಿರ ಹಿಡಿದಿದ್ದರು. ಫೈಲು ಓದುವ ಮುಖ.

"ತಾರೀಖು ಬೇರೆ ಹಾಕಿದ್ಯ."

"ತಪ್ಪಾಯ್ತು ಅಂಕಲ್."

"ಇದು ನಡಿಯಲ್ಲ. ಊರ್ಜಿತ ಆಗಲ್ಲ." ಬೆರಳಿಟ್ಟು ತೋರಿಸಿದರು. "ಇವತ್ತು ಭಾನುವಾರ. ರಜಾ ದಿನ ಮಾಡಿದ ರುಜು ಆಫೀಸಲ್ಲಿ ತಗೊಳಲ್ಲ ಕಣಯ್ಯ. ಸತ್ತೋರಾದ್ರೂ ಸೋಮವಾರದ ತಾರೀಖು ಹಾಕ್ಬೇಕು."

ಹೇಳಿ ಮುಗಿಸಿದ ಮೇಲೆ ಅವರು ತಾವೇ ಹೇಳಿದ್ದನ್ನು ಕೇಳಿಸಿಕೊಂಡರು ಅಂತ ಕಾಣುತ್ತೆ. ತುಟಿ ಅದುರಿತು. ಮಂಜುಳಮ್ಮ ಸೆರಗಿನೊಳಗೆ ಕಿಸಕ್ಕೆಂದರು. ಯಶೋದಮ್ಮನ ಹೊಟ್ಟೆ ಕುಲುಕಿತು, ಉಮಾಶ್ರೀ ಚೊಂಬಿನೊಳಗೆ ಮುಖವಿಟ್ಟು ನಕ್ಕಳು, ನಾನೂ ಧೈರ್ಯ ಮಾಡಿದೆ. ಅಷ್ಟರಲ್ಲಿ ಅಂಕಲ್ ಹೊಸಲಿನ ಮೇಲೆ ಕುಸಿದು ಕೂತು, ಅರ್ಜಿಯಿಂದ ತೊಡೆ ತೊಡೆ ಬಡಿದುಕೊಳ್ಳುತ್ತ, ಕಣ್ಣಲ್ಲಿ ನೀರು ಸುರಿಸುತ್ತ ನಗುತ್ತಿದ್ದರು. ಎದುರು ಮನೆಯವರು ಬಾಗಿಲು ತೆರೆದು ನೋಡುವಷ್ಟು ಜೋರಾಗಿ, ನಮ್ಮ ನಾಲ್ವರ ನಗು ಎಲ್ಲಿದೆ ಎಂದು ನಮಗೇ ಕೇಳಿಸದಷ್ಟು ಜೋರಾಗಿ.